ಗೃಹಚಿಂತನ: ಹಾಸಿಗೆ ಯಾರಿಗಾಗಿ?



ಮದುವೆಯ ಮುಹೂರ್ತಗಳು ಸಮೀಪಿಸಿದೊಡನೆ ಪೇಟೆಯ ಜವಳಿ ಅಂಗಡಿ, ಪಾತ್ರೆಯ ಅಂಗಡಿಗಳ ಜೊತೆಗೆ ಗಾದಿಯ ಅಂಗಡಿಗಳಲ್ಲಿಯೂ ಜನಸಂದಣಿ ಹೆಚ್ಚುತ್ತದೆ. ಸೀರೆಯ ಅಂಚಿಗೂ ಸೆರಗಿಗೂ ಹೊಂದಿಕೆಯಾಯಿತೆ ಎಂದು ಅರ್ಧ ದಿನ ಕುಳಿತು ಪರೀಕ್ಷಿಸುವ ನಮ್ಮ ಕುಟುಂಬಗಳು ಹಾಸಿಗೆಯನ್ನು ಮಾತ್ರ ಹತ್ತು ನಿಮಿಷಗಳಲ್ಲಿ ಕೊಂಡು ಮುಗಿಸುತ್ತವೆ. ಮುಷ್ಟಿಯಿಂದ ಎರಡು ಸಲ ಒತ್ತಿ ನೋಡುವುದು, ಮೇಲಿನ ಬಟ್ಟೆಯ ಬಣ್ಣ ಒಪ್ಪುವುದು, ಬೆಲೆಯಲ್ಲಿ ಐದುನೂರು ಇಳಿಸುವುದು. ಅಲ್ಲಿಗೆ ವ್ಯಾಪಾರ ಮುಗಿಯಿತು. ಆ ಸೀರೆಯನ್ನು ವರ್ಷದಲ್ಲಿ ಎರಡು ಸಲ ಉಟ್ಟರೆ ಹೆಚ್ಚು. ಹಾಸಿಗೆಯಾದರೋ ಪ್ರತಿರಾತ್ರಿ ಏಳೆಂಟು ತಾಸು ಬೆನ್ನಿಗೆ ಆಧಾರವಾಗಿ, ಅನೇಕ ವರ್ಷ ನಮ್ಮೊಡನೆ ಇರಬೇಕಾದ ವಸ್ತು.

ಮದುವೆಯ ಮಾತು ಬಂದುದರಿಂದ ಇನ್ನೊಂದನ್ನೂ ಹೇಳಿಬಿಡುತ್ತೇವೆ. ಮಂಚ, ಗಾದಿ, ಕಪಾಟುಗಳನ್ನು ಹೆಣ್ಣಿನ ಕಡೆಯವರು ಕೊಡಬೇಕೆಂಬ ರೂಢಿ ಹಲವೆಡೆ ಇನ್ನೂ ಉಳಿದಿದೆ. ಪ್ರೀತಿಯಿಂದ ಕೊಟ್ಟರೆ ಅದು ಉಡುಗೊರೆ. ಇಂಥದೇ ಕಂಪನಿಯದು, ಇಷ್ಟೇ ಇಂಚು ದಪ್ಪದ್ದು ಬೇಕೆಂದು ಬೀಗರು ಕೇಳಿ ಪಡೆದರೆ ಅದು 1961ರ ವರದಕ್ಷಿಣೆ ನಿಷೇಧ ಕಾಯಿದೆ ನಿಷೇಧಿಸಿದ ಪದ್ಧತಿಯೇ ಆಗುತ್ತದೆ. ಅಂಥ ಗಾದಿಯ ಮೇಲೆ ನಿದ್ರೆ ಹೇಗೆ ಬರುತ್ತದೆಯೋ ನಾವರಿಯೆವು.

ಇನ್ನು ಮುಖ್ಯ ವಿಷಯ. ನಮ್ಮ ಮನೆಗಳಲ್ಲಿ ಹಾಸಿಗೆಗಳಿಗೂ ಒಂದು ವಂಶಾವಳಿ ಇರುತ್ತದೆ. ಹೊಸದು ಬಂದರೆ ಅದು ಮಗ-ಸೊಸೆಯ ಕೋಣೆಗೆ ಹೋಗುತ್ತದೆ. ಅವರ ಹಳೆಯದು ಮಕ್ಕಳ ಪಾಲಾಗುತ್ತದೆ. ಮಕ್ಕಳು ಕುಣಿದು ನಡುವೆ ಕುಳಿ ಬೀಳಿಸಿದ ಮೇಲೆ ಅದು ಪಡಸಾಲೆಯ ಮೂಲೆಯಲ್ಲಿ ಮಲಗುವ ಅಜ್ಜಿಗೆ ಸೇರುತ್ತದೆ. ಅತಿಥಿಗಳ ಕೋಣೆಯಲ್ಲಿ ಮಾತ್ರ ವರ್ಷದಲ್ಲಿ ಹತ್ತು ದಿನ ಉಪಯೋಗಕ್ಕೆ ಬರುವ ಒಳ್ಳೆಯ ಗಾದಿಯೊಂದು ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದೆ ಬಿದ್ದಿರುತ್ತದೆ. ಇದನ್ನು ಯಾರೂ ದುರುದ್ದೇಶದಿಂದ ಮಾಡುವುದಿಲ್ಲ. ‘ನನಗೇಕೆ ಹೊಸದು, ನನಗೆ ಇದೇ ಸಾಕು’ ಎಂದು ಅಜ್ಜಿಯೇ ಹೇಳಿರುತ್ತಾರೆ. ಆದರೆ ಇಪ್ಪತ್ತೈದು ವರ್ಷದ ದೇಹ ಚಾಪೆಯ ಮೇಲೂ ನಿದ್ರಿಸಬಲ್ಲದು. ಎಪ್ಪತ್ತರ ದೇಹಕ್ಕೆ ಅದು ಸಾಧ್ಯವಿಲ್ಲ. ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ, ಸ್ನಾಯು ಕರಗುತ್ತದೆ, ಮೂಳೆಗೂ ಹಾಸಿಗೆಗೂ ನಡುವಿನ ಸ್ವಾಭಾವಿಕ ಮೆತ್ತೆ ಕಡಿಮೆಯಾಗುತ್ತದೆ. ಅತ್ಯಂತ ಹೆಚ್ಚು ಅಗತ್ಯವಿರುವವರಿಗೆ ಅತ್ಯಂತ ಸವೆದ ಗಾದಿ ದೊರೆಯುವ ಈ ಕ್ರಮವನ್ನು ತಿರುಗುಮುರುಗು ಮಾಡಬೇಕೆಂಬುದೇ ಈ ತಿಂಗಳ ನಮ್ಮ ವಿನಂತಿ. ಅದಕ್ಕೆ ಬೇಕಾದ ತಿಳಿವಳಿಕೆಯನ್ನು ಮುಂದೆ ಕೊಡುತ್ತೇವೆ.

ಬೆನ್ನುನೋವಿನವರು ಗಟ್ಟಿ ಹಾಸಿಗೆಯ ಮೇಲೆಯೇ ಮಲಗಬೇಕು ಎಂಬ ಮಾತನ್ನು ಕೇಳದವರು ವಿರಳ. ಹಿಂದಿನ ತಲೆಮಾರಿನ ವೈದ್ಯರು ಮಂಚದ ಮೇಲೆ ಹಲಗೆ ಹಾಸಿ ಮಲಗಿರೆಂದು ಹೇಳುತ್ತಿದ್ದರು. ಅವರ ಮಾತನ್ನು ಶಿರಸಾವಹಿಸಿ ವರ್ಷಗಟ್ಟಲೆ ಹಲಗೆಯ ಮೇಲೆ ಮಲಗಿದ ಹಿರಿಯರನ್ನು ನಾವು ಕಂಡಿದ್ದೇವೆ. ಈ ನಂಬಿಕೆಯನ್ನು ಸ್ಪೇನ್ ದೇಶದ ವೈದ್ಯರು ಪರೀಕ್ಷೆಗೆ ಒಡ್ಡಿದರು. ದೀರ್ಘಕಾಲದ ಸೊಂಟನೋವಿನಿಂದ ಬಳಲುತ್ತಿದ್ದ 313 ಮಂದಿಗೆ, ಯಾರಿಗೆ ಯಾವುದೆಂದು ತಿಳಿಸದೆ, ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ಮಧ್ಯಮ ಗಟ್ಟಿತನದ ಹಾಸಿಗೆ ಕೊಟ್ಟು 90 ದಿನ ನೋಡಿದರು. ಫಲಿತಾಂಶ 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಮಲಗಿದಾಗಿನ ನೋವು, ಏಳುವಾಗಿನ ನೋವು, ದಿನದ ಕೆಲಸಕ್ಕೆ ಆಗುವ ಅಡಚಣೆ, ಈ ಮೂರರಲ್ಲಿಯೂ ಮಧ್ಯಮ ಗಟ್ಟಿತನದ ಹಾಸಿಗೆಯವರೇ ಹೆಚ್ಚು ಸುಧಾರಿಸಿದ್ದರು.

ಕಾರಣ ಸರಳವಾಗಿದೆ. ನಮ್ಮ ಬೆನ್ನುಮೂಳೆ ನೇರವಾದ ಕೋಲಲ್ಲ. ಕತ್ತಿನಲ್ಲಿಯೂ ಸೊಂಟದಲ್ಲಿಯೂ ಅದು ಒಳಕ್ಕೆ ಬಾಗಿದೆ. ಹಲಗೆಯಂಥ ಹಾಸಿಗೆಯ ಮೇಲೆ ಭುಜ ಮತ್ತು ಪೃಷ್ಠ ಮಾತ್ರ ತಾಗುತ್ತವೆ. ಸೊಂಟ ಆಧಾರವಿಲ್ಲದೆ ತೂಗುತ್ತದೆ. ಅತಿ ಮೆದುವಾದ ಹಾಸಿಗೆಯಲ್ಲಿ ಭಾರವಾದ ನಡುಭಾಗ ಹೂತುಹೋಗಿ ಇಡೀ ಬೆನ್ನು ಜೋಳಿಗೆಯಂತಾಗುತ್ತದೆ. ಎರಡೂ ಸಲ್ಲದು. ಪರೀಕ್ಷಿಸುವ ಬಗೆ ಹೀಗಿದೆ: ಅಂಗಾತ ಮಲಗಿ ಸೊಂಟದ ಕೆಳಗೆ ಅಂಗೈಯನ್ನು ಸರಿಸಬೇಕು. ಕೈ ಸಲೀಸಾಗಿ ಒಳಹೋಗಿ ಇನ್ನೂ ಜಾಗ ಉಳಿದರೆ ಹಾಸಿಗೆ ನಿಮಗೆ ಗಟ್ಟಿಯಾಯಿತು. ಕೈ ತೂರಿಸಲೇ ಆಗದಿದ್ದರೆ ಮೆದುವಾಯಿತು. ತುಸು ಒತ್ತಿಕೊಂಡು ಹೋದರೆ ಸರಿಯಾಯಿತು. ಮಗ್ಗುಲಾಗಿ ಮಲಗುವವರಿಗೆ ಭುಜವೂ ಸೊಂಟದ ಪಕ್ಕದ ಮೂಳೆಯೂ ಒಂದಿಷ್ಟು ಇಳಿಯಬೇಕಾದ್ದರಿಂದ ಸ್ವಲ್ಪ ಮೆದುವಾದದ್ದೇ ಹಿತ. ದೇಹಭಾರ ಹೆಚ್ಚಿರುವವರಿಗೆ ಗಟ್ಟಿಯಾದದ್ದು ಬೇಕು. ಒಬ್ಬರ ಹಾಸಿಗೆಯನ್ನು ಇನ್ನೊಬ್ಬರು ಮುಷ್ಟಿಯಿಂದ ಒತ್ತಿ ಆರಿಸುವುದು ಎಷ್ಟು ನಿರರ್ಥಕವೆಂಬುದು ಇದರಿಂದ ತಿಳಿಯುತ್ತದೆ. ಮಲಗುವವರೇ ಅಂಗಡಿಗೆ ಹೋಗಿ, ಸಂಕೋಚವನ್ನು ಬದಿಗಿಟ್ಟು, ತಾವು ದಿನವೂ ಮಲಗುವ ಭಂಗಿಯಲ್ಲಿ ಹತ್ತು ಹದಿನೈದು ನಿಮಿಷ ಮಲಗಿ ನೋಡಬೇಕು. ನಮ್ಮ ಹೆಣ್ಣುಮಕ್ಕಳು ಅಂಗಡಿಯಲ್ಲಿ ಮಲಗಿ ನೋಡಲು ನಾಚುತ್ತಾರೆ. ಜೊತೆಗೆ ಹೋದ ಗಂಡಸರು ಅಂಗಡಿಯವರನ್ನು ಬೇರೆ ಮಾತಿಗೆ ಎಳೆದು ಅವರಿಗೆ ಅನುಕೂಲ ಮಾಡಿಕೊಡುವುದು ಒಳಿತು.

ಒಂದು ಎಚ್ಚರಿಕೆ. ಬೆನ್ನುನೋವಿನೊಡನೆ ಕಾಲು ಜೋಮು ಹಿಡಿಯುವುದು, ಬಲ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು, ಜ್ವರ ಬರುವುದು ಮುಂತಾದ ಲಕ್ಷಣಗಳಿದ್ದರೆ ಹಾಸಿಗೆ ಬದಲಿಸುತ್ತ ಕುಳಿತಿರಬಾರದು. ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಈಗ ಹಾಸಿಗೆಯ ಒಳಗೇನಿದೆ ಎಂಬುದನ್ನು ನೋಡೋಣ. ಹತ್ತಿಯ ಗಾದಿ ನಮ್ಮ ನಾಡಿನ ಹಳೆಯ ಸಂಗಾತಿ. ಕಪ್ಪು ಮಣ್ಣಿನ ಸೀಮೆಯಲ್ಲಿ ಬೆಳೆಯುವ ಜಯಧರದಂಥ ನಾಟಿ ಹತ್ತಿಯ ಎಳೆ ಗಿಡ್ಡ, ಒರಟು; ನಯವಾದ ಬಟ್ಟೆಗೆ ಒಗ್ಗದ ಈ ಗುಣವೇ ಗಾದಿಗೆ ವರವಾಗಿದೆ. ಒರಟು ಎಳೆ ಒತ್ತಿದರೆ ಮರಳಿ ಎದ್ದುಬರುತ್ತದೆ, ನುಣುಪಾದ ಎಳೆ ಬೇಗನೆ ಅಂಟಿಕೊಂಡು ಗಂಟಾಗುತ್ತದೆ. ಆರಡಿ ಉದ್ದ, ಮೂರಡಿ ಅಗಲದ ಒಂದಾಳಿನ ಗಾದಿಗೆ ಸುಮಾರು 8ರಿಂದ 10 ಕಿಲೊ ಅರಳೆ ಹಿಡಿಯುತ್ತದೆ. ಹತ್ತಿಯ ಹೆಸರಿನಲ್ಲಿ ಗಿರಣಿಯ ಕಸವನ್ನೂ ಬಣ್ಣದ ಚಿಂದಿಯನ್ನು ಅರೆದ ಅರಳೆಯನ್ನೂ ತುಂಬುವುದುಂಟು. ಆದ್ದರಿಂದ ಗಾದಿಯನ್ನು ನಮ್ಮ ಕಣ್ಣೆದುರಿಗೇ ತುಂಬಿಸುವುದು ಲೇಸು.

ಬಿಲ್ಲನ್ನು ಹೆಗಲಿಗೇರಿಸಿಕೊಂಡು ಓಣಿಗೆ ಬರುತ್ತಿದ್ದ ಪಿಂಜಾರರನ್ನು ಮಧ್ಯವಯಸ್ಸು ದಾಟಿದ ಓದುಗರು ಮರೆತಿರಲಾರರು. ಅಂಗಳದಲ್ಲಿ ಬಿಲ್ಲಿನ ನಾದ ಎದ್ದರೆ ಮಕ್ಕಳೆಲ್ಲ ಸುತ್ತ ನೆರೆಯುತ್ತಿದ್ದೆವು; ಹಿಟ್ಟಿನಂತೆ ಹಾರುವ ಅರಳೆ ಮೂಗಿಗೆ ಸೇರುತ್ತದೆಂದು ಅಮ್ಮಂದಿರು ಗದರುತ್ತಿದ್ದರು. ಇಂದು ಬಿಲ್ಲಿನ ಸ್ಥಾನಕ್ಕೆ ಯಂತ್ರ ಬಂದಿದೆ. ಆದರೂ ಹುಬ್ಬಳ್ಳಿ, ಗದಗ, ವಿಜಯಪುರಗಳಂಥ ಊರುಗಳಲ್ಲಿ ನದಾಫ ಮನೆತನಗಳು ಈ ಕಸುಬನ್ನು ಉಳಿಸಿಕೊಂಡಿವೆ. ಗಾದಿ ಚಪ್ಪಟೆಯಾದರೆ ಅದನ್ನು ಬಿಚ್ಚಿ, ಅರಳೆಯನ್ನು ಹಿಂಜಿಸಿ, ಕಿಲೊ ಎರಡು ಕಿಲೊ ಹೊಸ ಅರಳೆ ಸೇರಿಸಿ, ಹೊಸ ಬಟ್ಟೆಯಲ್ಲಿ ತುಂಬಿದರೆ ಅದು ಮತ್ತೆ ಹೊಸದಾಗುತ್ತದೆ. ಬೇರೆ ಯಾವ ಹಾಸಿಗೆಗೂ ಈ ಪುನರ್ಜನ್ಮದ ಭಾಗ್ಯವಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಹೀಗೆ ಮಾಡಿಸದೆ ‘ಹತ್ತಿಯ ಗಾದಿ ಕಲ್ಲಾಗುತ್ತದೆ’ ಎಂದು ದೂರುವುದು ನ್ಯಾಯವಲ್ಲ. ಹತ್ತಿಗಿರುವ ನಿಜವಾದ ದೋಷ ಅದರ ಭಾರ. ಆರಡಿ ಅಗಲದ ಗಾದಿಯನ್ನು ವೃದ್ಧ ದಂಪತಿಗಳು ಬಿಸಿಲಿಗೆ ಹೊತ್ತೊಯ್ಯಲಾರರು. ಹಾಗಾಗಿ ದೊಡ್ಡ ಮಂಚಕ್ಕೆ ಒಂದೇ ಗಾದಿಯ ಬದಲು ಮೂರಡಿಯ ಎರಡು ಗಾದಿಗಳನ್ನು ಹೊಲಿಸಿರಿ. ಎತ್ತುವುದಕ್ಕೆ ಸುಲಭ. ಪತಿಗೆ ಗಟ್ಟಿಯಾದದ್ದು, ಪತ್ನಿಗೆ ಮೆದುವಾದದ್ದು ಹಿತವಾದರೆ ಅದಕ್ಕೂ ಇಲ್ಲಿ ಅವಕಾಶವಿದೆ.

ಮಲೆನಾಡು ಮತ್ತು ಕರಾವಳಿಯ ಬಂಧುಗಳಿಗೆ ನಾವು ಹತ್ತಿಯನ್ನು ಅಷ್ಟಾಗಿ ಶಿಫಾರಸು ಮಾಡಲಾರೆವು. ಅಲ್ಲಿಯ ಮಳೆಗಾಲದಲ್ಲಿ ಹತ್ತಿ ತೇವ ಹೀರಿ, ಬೂಸಲು ಹಿಡಿದು, ವಾಸನೆ ಬರುತ್ತದೆ. ಒಣಗಿಸಲು ಬಿಸಿಲೂ ಇರುವುದಿಲ್ಲ. ಬೂರುಗದ ಅರಳೆಯ ಎಳೆ ಒಳಗೆ ಟೊಳ್ಳು, ಹೊರಗೆ ಮೇಣದ ಲೇಪ; ಆದ್ದರಿಂದ ಅದು ನೀರು ಹೀರದು, ಬಹಳ ಹಗುರ. ಕಾಲಕ್ರಮದಲ್ಲಿ ಪುಡಿಯಾಗುವುದು, ಬೆಂಕಿ ತಗುಲಿದರೆ ಥಟ್ಟನೆ ಹೊತ್ತಿಕೊಳ್ಳುವುದು ಅದರ ಕುಂದು. ದಿಂಬಿಗೆ ಅದು ಶ್ರೇಷ್ಠ, ದೊಡ್ಡ ಗಾದಿಗೆ ದುಬಾರಿ.

ತೆಂಗಿನ ನಾರಿನ ಹಾಸಿಗೆಯನ್ನು ನಮ್ಮಲ್ಲಿ ಅನೇಕರು ‘ಕರ್ಲಾನ್’ ಎಂದೇ ಕರೆಯುವುದು ರೂಢಿ. 1962ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಆ ಕಂಪನಿಯ ಹೆಸರು ವಸ್ತುವಿನ ಹೆಸರೇ ಆಗಿಹೋಯಿತು. 2023ರಲ್ಲಿ ಅದು ಶೀಲಾ ಫೋಮ್ ಕಂಪನಿಯ ವಶವಾಯಿತು. ಸುರುಳಿ ಮಾಡಿದ ನಾರಿಗೆ ರಬ್ಬರಿನ ಹಾಲನ್ನು ಸಿಂಪಡಿಸಿ, ಒತ್ತಿ, ಕಾಯಿಸಿ ಇದನ್ನು ಮಾಡುತ್ತಾರೆ. ಎಳೆಗಳ ನಡುವೆ ಗಾಳಿಯಾಡುವುದರಿಂದ ಸೆಕೆಯ ಊರಿಗೂ ತೇವದ ಊರಿಗೂ ಹೊಂದುತ್ತದೆ. ಗಟ್ಟಿಯಾಗಿರುವುದರಿಂದ ಮೇಲೆ ಒಂದೆರಡು ಇಂಚು ಫೋಮ್ ಇರುವುದನ್ನು ಕೊಳ್ಳಬಹುದು. ಆದರೆ ಇದನ್ನು ಮಡಿಸಬಾರದು. ಮಡಿಸಿದರೆ ಒಳಗಿನ ನಾರು ಮುರಿದು ಅಲ್ಲಿಯೇ ಕುಳಿ ಬೀಳುತ್ತದೆ. ಮಂಚದ ಕೆಳಗೆ ಕಂದು ಬಣ್ಣದ ಪುಡಿ ಉದುರತೊಡಗಿದರೆ ಅದರ ಆಯುಷ್ಯ ಮುಗಿಯಿತೆಂದು ತಿಳಿಯಬೇಕು. ಅದನ್ನು ಅಜ್ಜಿಯ ಮಂಚಕ್ಕೆ ಸಾಗಿಸಬಾರದು.

ಫೋಮಿನ ವಿಷಯದಲ್ಲಿ ಅಂಗಡಿಯವರು 28, 32, 40 ಡೆನ್ಸಿಟಿ ಎಂಬ ಅಂಕಿಗಳನ್ನು ಹೇಳುತ್ತಾರೆ. ಒಂದು ಘನ ಮೀಟರ್ ಫೋಮ್ ಇಷ್ಟು ಕಿಲೊ ತೂಗುತ್ತದೆಂಬುದಷ್ಟೇ ಅದರ ಅರ್ಥ. ಅಂಕಿ ಹೆಚ್ಚಿದಷ್ಟೂ ಸಾಮಾನ್ಯವಾಗಿ ಬಾಳಿಕೆ ಹೆಚ್ಚು, ಆದರೆ ಅದು ಗಟ್ಟಿತನದ ಅಳತೆಯಲ್ಲ. ಒಂದೇ ಡೆನ್ಸಿಟಿಯಲ್ಲಿ ಮೆದುವಾದದ್ದೂ ಗಟ್ಟಿಯಾದದ್ದೂ ತಯಾರಾಗುತ್ತದೆ. ಫೋಮಿನ ಚೂರುಗಳನ್ನು ಅಂಟಿಸಿ ಒತ್ತಿದ, ಬಣ್ಣಬಣ್ಣದ ಚುಕ್ಕೆಗಳಿರುವ ‘ರೀಬಾಂಡೆಡ್’ ಹಾಸಿಗೆ ಬಹಳ ಗಟ್ಟಿ, ಭಾರ. ಇಂಥ ಗಟ್ಟಿ ಹಾಸಿಗೆಗಳ ಮೇಲೆ ‘ಆರ್ಥೊಪೆಡಿಕ್’ ಎಂಬ ಅಕ್ಷರಗಳು ಧಾರಾಳವಾಗಿ ಕಾಣುತ್ತವೆ. ಆ ಶಬ್ದಕ್ಕೆ ಬೆರಗಾಗದೆ, ಮೇಲೆ ಹೇಳಿದ ಅಂಗೈಯ ಪರೀಕ್ಷೆಯನ್ನೇ ಮಾಡಿರಿ. ‘ಮೆಮೊರಿ ಫೋಮ್’ ಎಂಬುದು 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ವಿಮಾನದ ಆಸನಗಳಿಗೆಂದು ರೂಪಿಸಿದ ವಸ್ತು. ದೇಹದ ಶಾಖಕ್ಕೆ ಮೆದುವಾಗಿ ಮೈಯ ಆಕಾರಕ್ಕೆ ಹೊಂದಿಕೊಳ್ಳುವುದು ಅದರ ಗುಣ. ಆ ಶಾಖವನ್ನು ಹಿಡಿದಿಟ್ಟುಕೊಳ್ಳುವುದು ದೋಷ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಅದರ ಮೇಲೆ ಮಲಗುವುದು ಒಲೆಯ ಕಟ್ಟೆಯ ಮೇಲೆ ಮಲಗಿದಂತೆಯೇ ಸರಿ. ರಬ್ಬರಿನ ಹಾಲಿನಿಂದಲೇ ಮಾಡಿದ ಲ್ಯಾಟೆಕ್ಸ್ ಹಾಸಿಗೆ ತಂಪು, ಬಾಳಿಕೆಯದು. ಬೆಲೆ ಹೆಚ್ಚು, ಎತ್ತಲು ಬಲವೂ ಬೇಕು. ಸ್ಪ್ರಿಂಗಿನ ಹಾಸಿಗೆಯಲ್ಲಿ ಪ್ರತಿ ಸ್ಪ್ರಿಂಗಿಗೂ ಬೇರೆ ಚೀಲವಿರುವುದನ್ನು ಆರಿಸಿದರೆ ಒಬ್ಬರು ಹೊರಳಿದಾಗ ಇನ್ನೊಬ್ಬರಿಗೆ ಎಚ್ಚರವಾಗುವುದು ಕಡಿಮೆ. ಈಚೆಗೆ ಹಾಸಿಗೆಗಳು ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿ ಮನೆಗೇ ಬರುತ್ತವೆ. ಕೆಲವು ಕಂಪನಿಗಳು ನೂರು ರಾತ್ರಿ ಮಲಗಿ ನೋಡಿ ಹಿಂದಿರುಗಿಸುವ ಅವಕಾಶವನ್ನೂ ಕೊಡುತ್ತವೆ. ಅದನ್ನು ಉಪಯೋಗಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಮತ್ತೆ ಹಿರಿಯರ ವಿಷಯಕ್ಕೆ ಬರುತ್ತೇವೆ. ಅವರಿಗೆ ಹಾಸಿಗೆಯ ಮೆದುತನದಷ್ಟೇ ಮುಖ್ಯವಾದದ್ದು ಎತ್ತರ. ಅಂಚಿನಲ್ಲಿ ಕುಳಿತಾಗ ಎರಡೂ ಪಾದಗಳು ನೆಲಕ್ಕೆ ಪೂರ್ತಿ ಊರಬೇಕು; ಮೊಣಕಾಲೂ ಸೊಂಟವೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಬೇಕು. ಅಜ್ಜನ ಕಾಲದ ಎತ್ತರದ ಸಾಗುವಾನಿ ಮಂಚಕ್ಕೆ ಎಂಟು ಇಂಚಿನ ಹೊಸ ಹಾಸಿಗೆ ಹಾಕಿದರೆ ಅದು ಅಟ್ಟ ಹತ್ತಿದಂತಾಗುತ್ತದೆ. ರಾತ್ರಿ ಮೂತ್ರಕ್ಕೆಂದು ಕತ್ತಲಲ್ಲಿ ಇಳಿಯುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವವರು ಎಷ್ಟೋ ಜನ. ಹಾಗೆಂದು ನೆಲದ ಮೇಲಿನ ಹಾಸಿಗೆಯೂ ಮಂಡಿನೋವಿನವರಿಗೆ ಸಲ್ಲದು. ಏಳುವುದೇ ಅವರಿಗೆ ಒಂದು ಸಾಹಸ. ಅಂಚು ಗಟ್ಟಿಯಾಗಿರುವ, ಕುಳಿತರೆ ಜಾರದ ಹಾಸಿಗೆ ಅವರಿಗೆ ಬೇಕು.

ಪಾರ್ಶ್ವವಾಯುವೋ ಮೂಳೆಮುರಿತವೋ ಆಗಿ ಹಿಡಿದ ಹಾಸಿಗೆ ಬಿಡದವರಿರುವ ಮನೆಯವರು ಈ ಭಾಗವನ್ನು ಗಮನವಿಟ್ಟು ಓದಬೇಕೆಂದು ಕೋರುತ್ತೇವೆ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಬಿದ್ದಿದ್ದರೆ ಮೂಳೆ ಚಾಚಿದ ಸ್ಥಳಗಳಲ್ಲಿ ರಕ್ತಸಂಚಾರ ನಿಂತು ಹಾಸಿಗೆ ಹುಣ್ಣು ಆಗುತ್ತದೆ. ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈ, ತಲೆಯ ಹಿಂಭಾಗ, ಈ ಸ್ಥಳಗಳನ್ನು ದಿನಕ್ಕೊಮ್ಮೆ ಬೆಳಕಿನಲ್ಲಿ ನೋಡಬೇಕು. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಬಿಳಿಚದೆ ಕೆಂಪಾಗಿಯೇ ಉಳಿದರೆ ಹುಣ್ಣು ಆರಂಭವಾಯಿತೆಂದು ಅರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣಿಸದು. ಸುತ್ತಲಿಗಿಂತ ಬಿಸಿಯಾಗಿ, ಬಿರುಸಾಗಿ ಕೈಗೆ ತಿಳಿಯುತ್ತದೆ. ಇಂಥವರಿಗೆ ಗಾಳಿ ಹಾಸಿಗೆ ಉಪಯುಕ್ತ. ಅದರ ಕೊಳವೆಗಳು ಸರದಿಯಂತೆ ಉಬ್ಬಿ ಇಳಿದು ಒತ್ತಡದ ಸ್ಥಳವನ್ನು ಬದಲಿಸುತ್ತಿರುತ್ತವೆ. ಪಟ್ಟಣಗಳ ಔಷಧ ಸಲಕರಣೆಗಳ ಅಂಗಡಿಗಳಲ್ಲಿ ಇದು ಬಾಡಿಗೆಗೂ ಸಿಗುವುದುಂಟು. ಪಂಪು ಎಡೆಬಿಡದೆ ನಡೆಯಬೇಕಾದ್ದರಿಂದ ವಿದ್ಯುತ್ತಿನ ವ್ಯವಸ್ಥೆಯನ್ನು ಮೊದಲೇ ಯೋಚಿಸಿಕೊಳ್ಳಬೇಕು. ಅದರ ಮೇಲೆ ದಪ್ಪ ಕೌದಿ, ಜಮಖಾನೆಗಳನ್ನು ಹಾಸಿದರೆ ಪ್ರಯೋಜನವೇ ಇಲ್ಲ; ಒಂದು ತೆಳು ಹಚ್ಚಡ ಸಾಕು. ನಡುವೆ ರಂಧ್ರವಿರುವ ರಬ್ಬರಿನ ಗಾಳಿಚಕ್ರದ ಮೇಲೆ ಕೂರಿಸುವುದು ಹಿಂದಿನ ಪದ್ಧತಿ. ಅದು ಸುತ್ತಲಿನ ರಕ್ತಸಂಚಾರವನ್ನು ತಡೆಯುವುದರಿಂದ ಈಗ ವೈದ್ಯರು ಬೇಡವೆನ್ನುತ್ತಾರೆ. ಎಂಥ ಹಾಸಿಗೆ ತಂದರೂ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವ ಕೆಲಸ ತಪ್ಪದು. ರಾತ್ರಿಯೆಲ್ಲ ಎದ್ದು ಈ ಸೇವೆ ಮಾಡುವವರು ಹೆಚ್ಚಾಗಿ ಮನೆಯ ಸೊಸೆ ಅಥವಾ ಮಗಳು. ಗಂಡುಮಕ್ಕಳೂ ಸರದಿಯಲ್ಲಿ ಎದ್ದರೆ ಅವರ ಪುರುಷತ್ವಕ್ಕೆ ಊನವೇನೂ ಬರುವುದಿಲ್ಲ.

ಎಳೆಯ ಮಕ್ಕಳ ಹಾಸಿಗೆ ಇದಕ್ಕೆ ವಿರುದ್ಧ. ಒಂದು ವರ್ಷ ತುಂಬುವವರೆಗೆ ಕೂಸನ್ನು ಸಮತಟ್ಟಾದ, ಗಟ್ಟಿಯಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕೆಂಬುದು ಮಕ್ಕಳ ತಜ್ಞರ ಸಲಹೆ. ದಿಂಬು, ದಪ್ಪ ಹೊದಿಕೆ, ಮೆದುವಾದ ಆಟಿಕೆಗಳು ಹತ್ತಿರವಿರಬಾರದು. ಮುಖ ಹೂತು ಉಸಿರು ಕಟ್ಟುವ ಅಪಾಯವಿದೆ. ತಲೆ ದುಂಡಗಾಗಲೆಂದು ಸಾಸಿವೆಯ ದಿಂಬು ಇಡುವ ರೂಢಿಯನ್ನು ಕೈಬಿಡುವುದೇ ಕ್ಷೇಮ. ಉಬ್ಬಸವಿರುವ ಮಕ್ಕಳಿಗೆ ಹಾಸಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ನುಸಿಗಳು ವೈರಿ. ಅವರ ಹಾಸುಬಟ್ಟೆ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಒಗೆಯಬೇಕು.

ಕೊಳ್ಳುವ ಮುನ್ನ ಮಂಚವನ್ನು ಒಳಅಂಚಿನಿಂದ ಒಳಅಂಚಿಗೆ ಅಳೆದುಕೊಳ್ಳಿರಿ. ಬಡಗಿಗಳು ಮಾಡಿದ ಮಂಚಗಳ ಅಳತೆ ಕಂಪನಿಯ 72, 75, 78 ಇಂಚುಗಳ ಲೆಕ್ಕಕ್ಕೆ ಸರಿಹೊಂದುವುದು ಅಪರೂಪ. ಅರ್ಧ ಇಂಚು ಹೆಚ್ಚಾದ ಹಾಸಿಗೆಯನ್ನು ಒತ್ತಿ ತುರುಕಿದರೆ ನಡುವೆ ಉಬ್ಬುತ್ತದೆ. ಹತ್ತು ವರ್ಷದ ಖಾತರಿ ಎಂದಾಗ ಎಷ್ಟು ಆಳದ ಕುಳಿ ಬಿದ್ದರೆ ಬದಲಿಸಿಕೊಡುತ್ತಾರೆ, ಕಲೆಯಾದರೆ ಖಾತರಿ ರದ್ದಾಗುವುದೆ ಎಂಬುದನ್ನು ಓದಿ ನೋಡಿ, ರಸೀದಿಯನ್ನು ಜೋಪಾನ ಮಾಡಿರಿ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಖರ್ಚಿನ ವಿಷಯದಲ್ಲಿ ಸರಿಯೇ. ಮನೆಯವರೆಲ್ಲರಿಗೂ ಒಮ್ಮೆಗೇ ಹೊಸದು ತರಲು ಆಗದು. ಒಂದನ್ನು ಮಾತ್ರ ಕೊಳ್ಳಲು ಶಕ್ತಿಯಿದ್ದರೆ, ಅಂಗಡಿಗೆ ಹೊರಡುವಾಗ ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿರಿ. ನನಗೆ ಬೇಡವೆಂದು ಅವರು ಹೇಳಿಯೇ ಹೇಳುತ್ತಾರೆ. ಆದರೂ ಮಲಗಿಸಿ ನೋಡಿರಿ.

ದಿಂಬಿನ ವಿಚಾರವನ್ನು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ.